ಕಿಸೆಯೊಳಗಿನ ಚಲಚ್ಚಿತ್ರ

ಕಿತ್ತೂರಿನ ಕೋಟೆಯೊಳಗೆ ಪಾಳುಬಿದ್ದ ಅರಮನೆಯನ್ನು ನೋಡಲು ಹೋದವರಿಗೆ ಅಲ್ಲಿಯ ಜನ ತಪ್ಪದೆ ತೋರಿಸುವ ವಸ್ತುವೊಂದಿದೆ. ಅದು ಗೋಡೆಯೊಳಗಿನ ಒಂದು ಕಿಂಡಿ. ರಾತ್ರಿಯ ಹೊತ್ತು ಅದಕ್ಕೆ ಕಣ್ಣಿಟ್ಟರೆ ಧ್ರುವ ನಕ್ಷತ್ರ ಕಾಣುವಂತೆ ಅದನ್ನು ಇರಿಸಿದ್ದಾರೆ. ಆಕಾಶದ ತುಂಬ ಚಿಕ್ಕೆಗಳಿದ್ದರೂ ಆ ಕಿಂಡಿಗೆ ಒಂದೇ ಚಿಕ್ಕೆಯ ಚಿಂತೆ. ಕಳೆದ ಚಳಿಗಾಲದಲ್ಲಿ ನಾನು ಅದರ ಮುಂದೆ ನಿಂತಾಗ ನನ್ನ ಅಂಗಿಯ ಕಿಸೆಯಲ್ಲಿ ಇನ್ನೊಂದು ಕಿಂಡಿ ಇತ್ತು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದಾದ ವಿಡಿಯೋ ಕ್ಯಾಮೆರಾ ಅದು. ಬೆಂಗಳೂರಿನ ಮಿತ್ರರೊಬ್ಬರು ಅದನ್ನು ನನ್ನ ಕೈಗಿತ್ತು, “ಹೇಗೂ ನಿಮ್ಮ ಕಡೆಗೆ ಹೊರಟಿದ್ದೀರಿ. ಮನೆಯ ಮಟ್ಟಿಗೆ, ನಿತ್ಯದ ಬಳಕೆಗೆ ಇದು ಆದೀತೇ ಎಂದು ನೋಡಿ ಹೇಳಿರಿ” ಎಂದಿದ್ದರು.

ಇಂಥ ಪ್ರಶ್ನೆಗೆ ಅಂಗಡಿಕಾರನು ಎರಡು ನಿಮಿಷದಲ್ಲಿ ಉತ್ತರ ಹೇಳುತ್ತಾನೆ. ನನಗೆ ನಾಲ್ಕು ದಿವಸ ಹಿಡಿಯಿತು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಸುತ್ತಿ ಬರುವಷ್ಟರಲ್ಲಿ, ಇದು ಇಂದು ನಿನ್ನೆಯ ಪ್ರಶ್ನೆಯಲ್ಲವೆಂದೂ ಇದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯೊಂದು ಇದೆಯೆಂದೂ ನನಗೆ ತೋರತೊಡಗಿತು. ಆ ಚರಿತ್ರೆಯನ್ನು ಹೇಳದೆ ಮಿತ್ರರ ಪ್ರಶ್ನೆಗೆ ಉತ್ತರ ಕೊಡುವುದು ಆಗದ ಮಾತು.

ಚಿತ್ರವಿಲ್ಲದ ರಾಣಿ

ಕಿತ್ತೂರಿನಿಂದಲೇ ಆರಂಭಿಸೋಣ. ೧೮೨೪ನೆಯ ಇಸವಿಯ ಅಕ್ಟೋಬರ್ ೨೩ರಂದು ಇದೇ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಸೇರಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರವರಿ ೨ರಂದು ತೀರಿಕೊಂಡಳು. ದಾಗೇರನ ಛಾಯಾಚಿತ್ರದ ವಿದ್ಯೆ ಪ್ಯಾರಿಸಿನಲ್ಲಿ ಬಹಿರಂಗವಾದದ್ದು ೧೮೩೯ರಲ್ಲಿ. ನಡುವೆ ಹತ್ತೇ ವರ್ಷ! ಆ ಹತ್ತು ವರ್ಷದ ಅಂತರದಿಂದಾಗಿ ರಾಣಿಯ ಮುಖದ ಒಂದು ಛಾಯೆಯೂ ನಮಗೆ ಉಳಿಯಲಿಲ್ಲ. ಕುದುರೆಯ ಮೇಲೆ ಖಡ್ಗ ಹಿಡಿದ ಪ್ರತಿಮೆಗಳೆಲ್ಲವೂ ಶಿಲ್ಪಿಗಳ ಕಲ್ಪನೆ. ೧೯೬೧ರಲ್ಲಿ ಬಿ. ಆರ್. ಪಂತುಲು ಅವರು ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ತೆಗೆದಮೇಲೆ ಕನ್ನಡ ಜನರ ಮನಸ್ಸಿನಲ್ಲಿ ರಾಣಿಗೆ ಬಿ. ಸರೋಜಾದೇವಿಯವರ ಮುಖವೇ ನಿಂತುಬಿಟ್ಟಿತು. ಇದು ದೂರಬೇಕಾದ ಸಂಗತಿಯಲ್ಲ. ಮುಖವಿಲ್ಲದ ಕಡೆ ಜನ ತಮಗೆ ಪ್ರೀತಿಯಾದ ಮುಖವೊಂದನ್ನು ಇಟ್ಟುಕೊಳ್ಳುತ್ತಾರೆ.

ರಾಣಿಯ ಮಾತು ಹಾಗಿರಲಿ. ಅವಳಿಗೆ ಲಾವಣಿಗಳುಂಟು, ಪ್ರತಿಮೆಗಳುಂಟು. ೨೦೦೭ರಿಂದ ದಿಲ್ಲಿಯ ಸಂಸತ್ತಿನ ಆವರಣದಲ್ಲಿಯೂ ಅವಳು ನಿಂತಿದ್ದಾಳೆ. ಮುಂದೆ ಛಾಯಾಚಿತ್ರ ಬಂತು, ಚಲಚ್ಚಿತ್ರವೂ ಬಂತು. ಬಂದಮೇಲೂ ಮುಖ ಉಳಿಯದೆ ಹೋದ ಸಾಮಾನ್ಯರ ಗತಿಯೇನು? ಕಿಸೆಯ ಕ್ಯಾಮೆರಾದ ಚರಿತ್ರೆ ನಿಜವಾಗಿ ಆ ಸಾಮಾನ್ಯರ ಚರಿತ್ರೆ.

ಶಿಶುವಿನ ಊಟ ಮತ್ತು ಬಟಾಣಿಯ ಮೊಳಕೆ

ಚಲಚ್ಚಿತ್ರವು ಹುಟ್ಟಿದಾಗ ಮನೆಯ ಕೂಸೇ ಆಗಿತ್ತು ಎಂಬುದು ಸೋಜಿಗದ ಸಂಗತಿ. ೧೮೯೫ರ ಡಿಸೆಂಬರ್ ೨೮ರಂದು ಪ್ಯಾರಿಸಿನಲ್ಲಿ ಲ್ಯೂಮಿಯೇರ್ ಸೋದರರು ಹಣ ಪಡೆದು ತೋರಿಸಿದ ಮೊದಲ ಚಿತ್ರಗಳಲ್ಲಿ ಒಂದು, ಆಗುಸ್ತ್ ಲ್ಯೂಮಿಯೇರನೂ ಅವನ ಹೆಂಡತಿಯೂ ತಮ್ಮ ಎಳೆಯ ಮಗಳಿಗೆ ಉಣಿಸುತ್ತಿರುವ ಚಿತ್ರ. ರಾಜನಿಲ್ಲ, ಯುದ್ಧವಿಲ್ಲ, ಕಥೆಯಿಲ್ಲ. ಮನೆಯ ಹಿತ್ತಿಲಲ್ಲಿ ಒಂದು ಮಗು ಉಣ್ಣುತ್ತಿದೆ, ಅಷ್ಟೆ. ಅವರ ಯಂತ್ರದ ತೂಕ ಸುಮಾರು ಐದು ಕಿಲೋ. ಅದೇ ಯಂತ್ರ ಚಿತ್ರವನ್ನು ಹಿಡಿಯುತ್ತಿತ್ತು, ಪ್ರತಿ ತೆಗೆಯುತ್ತಿತ್ತು, ತೆರೆಯ ಮೇಲೆ ತೋರಿಸುತ್ತಲೂ ಇತ್ತು. ಅಂದಿನ ಲೆಕ್ಕದಲ್ಲಿ ಅದು ಹಗುರ. ಅಂತೆಯೇ ಲೋಕವನ್ನೆಲ್ಲ ಸುತ್ತಿತು. ೧೮೯೬ರ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅದರ ಆಟ ನಡೆಯಿತು.

ಅದನ್ನು ಕಂಡು ಮರುಳಾದವರಲ್ಲಿ ಹರಿಶ್ಚಂದ್ರ ಸಖಾರಾಮ ಭಾಟವಡೇಕರ ಎಂಬ ಛಾಯಾಗ್ರಾಹಕರೊಬ್ಬರು. ಇವರು ಇಂಗ್ಲೆಂಡಿನಿಂದ ಕ್ಯಾಮೆರಾ ತರಿಸಿಕೊಂಡು ೧೮೯೯ರಲ್ಲಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ಸಿನಲ್ಲಿ ನಡೆದ ಕುಸ್ತಿಯೊಂದನ್ನು ಚಿತ್ರಿಸಿದರು. ಭಾರತೀಯನೊಬ್ಬನ ಕ್ಯಾಮೆರಾ ಮೊದಲು ಕಂಡದ್ದು ಕುಸ್ತಿಯ ಕಣವನ್ನು ಎಂದು ಕೇಳಿದರೆ ನಮ್ಮ ಬೆಳಗಾವಿ ಜಿಲ್ಲೆಯ ಗರಡಿಮನೆಯವರಿಗೆ ಸಂತೋಷವಾದೀತು.

ಆಮೇಲೆ ಬಂದವರು ದಾದಾಸಾಹೇಬ ಫಾಲ್ಕೆ. ೧೯೧೨ರಲ್ಲಿ ಅವರು ಲಂಡನ್ನಿಗೆ ಹೋಗಿ ಒಂದು ಕ್ಯಾಮೆರಾ ಕೊಂಡು ತಂದರು. ಅದು ಸರಿಯಾಗಿ ಕೆಲಸ ಮಾಡುತ್ತದೆಯೆಂದು ಹಣ ಹಾಕುವವರಿಗೆ ಮನಗಾಣಿಸಬೇಕಿತ್ತು. ಅವರು ಮಾಡಿದ್ದಿಷ್ಟು: ಕುಂಡದಲ್ಲಿ ಬಟಾಣಿ ಬಿತ್ತಿ ಅದರ ಮುಂದೆ ಕ್ಯಾಮೆರಾ ನಿಲ್ಲಿಸಿ, ದಿನಕ್ಕೊಂದು ಚೌಕಟ್ಟಿನಂತೆ ತಿಂಗಳಿಗೂ ಮೇಲ್ಪಟ್ಟು ಚಿತ್ರ ತೆಗೆದರು. ತೋರಿಸಿದಾಗ ಬೀಜವೊಡೆದು ಮೊಳಕೆ ಬಂದು ಬಳ್ಳಿ ಹಬ್ಬುವುದು ನಿಮಿಷದೊಳಗೆ ಕಣ್ಣಮುಂದೆ ನಡೆದುಹೋಯಿತು. ಹಣ ಬಂತು, ೧೯೧೩ರ ಮೇ ೩ರಂದು ‘ರಾಜಾ ಹರಿಶ್ಚಂದ್ರ’ವೂ ಬಂತು. ಕ್ಯಾಮೆರಾವನ್ನು ಒರೆಗೆ ಹಚ್ಚಲು ಮನೆಯೊಳಗಿನ ಸಾಧಾರಣ ವಸ್ತುವಿಗಿಂತ ಒಳ್ಳೆಯ ಒರೆಗಲ್ಲಿಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಆ ಬಟಾಣಿಯಿಂದ.

ಶ್ರೀಮಂತರ ಆಟಿಕೆ

ಅಷ್ಟಾದರೂ ಮೂವತ್ತು ವರ್ಷಗಳ ತನಕ ಚಲಚ್ಚಿತ್ರ ಮನೆಯವರ ಕೈಗೆ ಬರಲಿಲ್ಲ. ಕಾರಣಗಳು ಎರಡು. ೩೫ ಮಿಲಿಮೀಟರ್ ಅಗಲದ ಫಿಲ್ಮು ತುಟ್ಟಿ. ಅದಕ್ಕಿಂತ ಮಿಗಿಲಾಗಿ, ಅದು ನೈಟ್ರೇಟಿನದು. ಕಿಡಿ ತಾಗಿದರೆ ಸಿಡಿಮದ್ದಿನಂತೆ ಉರಿಯುವಂಥದು. ಅಂಥದನ್ನು ಮಕ್ಕಳಿರುವ ಮನೆಯಲ್ಲಿ ಯಾರು ಇಟ್ಟುಕೊಂಡಾರು? ೧೯೨೩ರಲ್ಲಿ ಅಮೆರಿಕದ ಕೊಡಕ್ ಕಂಪನಿ ೧೬ ಮಿಲಿಮೀಟರಿನ ‘ಸುರಕ್ಷಿತ’ ಫಿಲ್ಮನ್ನೂ ಅದಕ್ಕೆ ತಕ್ಕ ಕ್ಯಾಮೆರಾವನ್ನೂ ಹೊರತಂದಿತು. ಹದಿನಾರೇ ಏಕೆ? ೩೫ರ ಫಿಲ್ಮನ್ನು ನಡುವೆ ಸೀಳಿದರೆ ಹದಿನೇಳೂವರೆ ಬರುತ್ತದೆ. ಯಾರೂ ಉರಿಯುವ ಫಿಲ್ಮನ್ನು ಸೀಳಿ ಮನೆಯ ಯಂತ್ರಕ್ಕೆ ತುರುಕಬಾರದೆಂದು ಹದಿನಾರನ್ನು ಆರಿಸಿಕೊಂಡರೆಂದು ಹೇಳುತ್ತಾರೆ. ಅದೇ ಕಾಲಕ್ಕೆ ಫ್ರಾನ್ಸಿನ ಪಾತೇ ಕಂಪನಿ ಒಂಬತ್ತೂವರೆ ಮಿಲಿಮೀಟರಿನ ಪುಟ್ಟ ಯಂತ್ರವನ್ನು ಮಾರತೊಡಗಿತು. ೧೯೩೨ರಲ್ಲಿ ೮ ಮಿಲಿಮೀಟರ್ ಬಂತು: ಇಪ್ಪತ್ತೈದು ಅಡಿಯ ಸುರುಳಿ, ಅದನ್ನು ಎರಡು ಬಾರಿ ಓಡಿಸಿ ಕಡೆಗೆ ಸೀಳಿ ಜೋಡಿಸಿದರೆ ನಾಲ್ಕು ನಿಮಿಷದ ಆಟ. ಕೀಲಿ ತಿರುವಿದರೆ ಓಡುವ, ಕೋಟಿನ ಕಿಸೆಯಲ್ಲಿ ಹಿಡಿಸುವ ಕ್ಯಾಮೆರಾಗಳು ಬಂದದ್ದು ಆಗ. ಮಿತ್ರರು ನನಗೆ ಕೊಟ್ಟ ಯಂತ್ರದ ಮುತ್ತಜ್ಜ ಎಂದರೆ ಆ ೮ ಮಿಲಿಮೀಟರಿನದೇ.

ಆದರೆ ನಮ್ಮ ದೇಶದಲ್ಲಿ ಅದು ಯಾರ ಕಿಸೆ ಸೇರಿತು? ಸಂಸ್ಥಾನಿಕರದು, ಇಂಗ್ಲಿಷ್ ಅಧಿಕಾರಿಗಳದು, ತೋಟದ ದೊರೆಗಳದು. ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿ ಅಂಥ ಅಧಿಕಾರಿಗಳ ಮನೆತನದವರು ಕೊಟ್ಟ ಸುರುಳಿಗಳ ದೊಡ್ಡ ಸಂಗ್ರಹವೇ ಇದೆ. ಅವು ಅವರ ಬಂಗಲೆ, ಅವರ ಮಕ್ಕಳು, ಅವರ ಪ್ರವಾಸ, ಅವರ ಬೇಟೆಗಳ ಚಿತ್ರಗಳು. ನಮ್ಮವರು ಅವುಗಳಲ್ಲಿ ಬಂದರೆ ಬಹುಮಟ್ಟಿಗೆ ಹಿಂದೆ ನಿಂತವರಾಗಿ, ಕುದುರೆಯ ಲಗಾಮು ಹಿಡಿದವರಾಗಿ, ಕೂಸನ್ನೆತ್ತಿದ ಆಯಾ ಆಗಿ ಬರುತ್ತಾರೆ. ಕ್ಯಾಮೆರಾ ಚಿಕ್ಕದಾಗಿತ್ತು, ಅದರ ಮುಂದೆ ನಿಲ್ಲುವವರ ವರ್ಗವೂ ಚಿಕ್ಕದಾಗಿತ್ತು.

ರಾಮದುರ್ಗ ಅಂದು ಭಾವೆ ಮನೆತನದ ಸಂಸ್ಥಾನ. ೧೯೩೯ರ ಏಪ್ರಿಲಿನಲ್ಲಿ ಅಲ್ಲಿ ಪ್ರಜೆಗಳ ಚಳವಳಿ ರಕ್ತಪಾತಕ್ಕೆ ತಿರುಗಿತು. ೮ ಮಿಲಿಮೀಟರಿನ ಕ್ಯಾಮೆರಾ ಹುಟ್ಟಿ ಆಗಲೇ ಏಳು ವರ್ಷ. ಆ ದಿನ ಬೀದಿಯಲ್ಲಿದ್ದ ನೇಕಾರನಿಗಾಗಲಿ ರೈತನಿಗಾಗಲಿ ಆ ಏಳು ವರ್ಷದಿಂದ ಏನೂ ಲಾಭವಾಗಲಿಲ್ಲ. ಸಂಸ್ಥಾನ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಸರಕಾರವು ಫಿಲ್ಮ್ಸ್ ಡಿವಿಜನ್ ಎಂಬ ಶಾಖೆಯನ್ನು ತೆರೆಯಿತು. ಮುಂದೆ ಎಷ್ಟೋ ವರ್ಷ ಟಾಕೀಜಿನಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಅದರ ವಾರ್ತಾಚಿತ್ರ ಓಡುತ್ತಿತ್ತು: ಮಂತ್ರಿಗಳು, ಅಣೆಕಟ್ಟುಗಳು, ಮಹಾಪೂರಗಳು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ೧೯೭೦ರ ದಶಕದ ಆರಂಭದಲ್ಲಿ ಮುಗಿಯಿತು, ನೀರು ನಿಂತಿತು, ಹಳ್ಳಿಗಳು ಮುಳುಗಿದವು. ಅಣೆಕಟ್ಟನ್ನು ಚಿತ್ರಿಸಲು ದೊಡ್ಡ ಕ್ಯಾಮೆರಾ ಬೇಕು. ಆದರೆ ಮುಳುಗುವ ಓಣಿಯ ಕಟ್ಟೆಯನ್ನು, ಆ ಕಟ್ಟೆಯ ಮೇಲೆ ಕೊನೆಯ ಸಲ ಕುಳಿತ ಮುದುಕರನ್ನು ಚಿತ್ರಿಸಲು ಕಿಸೆಯ ಕ್ಯಾಮೆರಾ ಸಾಕಾಗಿತ್ತು. ನೀರು ನಿಂತಮೇಲೆ ಅದನ್ನು ಯಾವ ಕ್ಯಾಮೆರಾ ತಂದರೂ ಆಗದು.

ಸಾಮಾನ್ಯನ ಕೈಯ ಕ್ಯಾಮೆರಾ ಏನು ಮಾಡಬಲ್ಲುದೆಂಬುದನ್ನು ಲೋಕ ಕಂಡದ್ದು ೧೯೬೩ರ ನವೆಂಬರ್ ೨೨ರಂದು. ಅಮೆರಿಕದ ಡಲ್ಲಾಸಿನಲ್ಲಿ ಉಡುಪು ತಯಾರಿಸುವ ಉದ್ಯಮಿ ಏಬ್ರಹಾಂ ಝಪ್ರೂಡರ್, ಅಧ್ಯಕ್ಷ ಕೆನೆಡಿಯ ಮೆರವಣಿಗೆ ನೋಡಲು ತನ್ನ ೮ ಮಿಲಿಮೀಟರಿನ ಕ್ಯಾಮೆರಾ ಒಯ್ದಿದ್ದ. ಅವನು ಹಿಡಿದದ್ದು ಇಪ್ಪತ್ತಾರು ಸೆಕೆಂಡು. ನಾನೂರ ಎಂಬತ್ತಾರು ಚೌಕಟ್ಟು. ಆ ಕೊಲೆಯ ವಿಚಾರಣೆಗೆ ಅದಕ್ಕಿಂತ ದೊಡ್ಡ ದೃಶ್ಯಸಾಕ್ಷಿ ಸಿಗಲಿಲ್ಲ. ೧೯೬೫ರಲ್ಲಿ ‘ಸೂಪರ್ ೮’ ಬಂದು ಫಿಲ್ಮು ತುಂಬುವ ತಾಪತ್ರಯವೂ ತಪ್ಪಿತು: ಡಬ್ಬಿ ಸಿಕ್ಕಿಸಿ ಗುಂಡಿ ಒತ್ತಿದರಾಯಿತು. ಆದರೆ ಡಬ್ಬಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡು ಮಾತ್ರ. ಆಮೇಲೆ ಅದನ್ನು ತೊಳೆಯಲು ದೂರದ ಪಟ್ಟಣಕ್ಕೆ ಕಳಿಸಿ ಹಾದಿ ಕಾಯಬೇಕು.

ಬೈಲಹೊಂಗಲದ ಟ್ರಂಕು

ನಮ್ಮ ಊರುಗಳಲ್ಲಿ ಚಲಿಸುವ ಚಿತ್ರ ಮನೆಯೊಳಗೆ ಕಾಲಿಟ್ಟದ್ದು ಫಿಲ್ಮಿನಿಂದಲ್ಲ, ಟೇಪಿನಿಂದ. ಸೋನಿ ಕಂಪನಿ ೧೯೬೭ರಲ್ಲಿ ಹೆಗಲಿಗೆ ಜೋತುಹಾಕಿಕೊಳ್ಳುವ ವಿಡಿಯೋ ಯಂತ್ರವನ್ನು ತಂದಿತು. ೧೯೮೩ರಲ್ಲಿ ಕ್ಯಾಮೆರಾ, ರಿಕಾರ್ಡರ್ ಎರಡೂ ಒಂದಾದ ಯಂತ್ರ ಬಂತು. ಅದಕ್ಕೆ ತೆಗೆಯುವುದು ಗೊತ್ತಿತ್ತು, ತೋರಿಸುವುದು ಗೊತ್ತಿರಲಿಲ್ಲ. ೧೯೮೫ರಲ್ಲಿ ೮ ಮಿಲಿಮೀಟರ್ ಅಗಲದ ಟೇಪಿನ ‘ಹ್ಯಾಂಡಿಕ್ಯಾಮ್’ ಬಂತು. ೧೯೮೯ರಲ್ಲಿ ಪಾಸ್‌ಪೋರ್ಟಿನಷ್ಟೇ ದೊಡ್ಡದೆಂದು ಜಾಹೀರಾತು ಪಡೆದ, ೭೯೦ ಗ್ರಾಮಿನ ಹ್ಯಾಂಡಿಕ್ಯಾಮ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ನಮ್ಮಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಮದುವೆಗೆ ಬಾಡಿಗೆಯ ‘ವಿಡಿಯೋದವರು’ ಬರುವುದು ವಾಡಿಕೆಯಾಯಿತು. ಹೆಗಲ ಮೇಲೆ ದೊಡ್ಡ ಯಂತ್ರ, ಪಕ್ಕದಲ್ಲಿ ಉರಿಯುವ ದೀಪ ಎತ್ತಿ ಹಿಡಿದ ಒಬ್ಬ ಹುಡುಗ, ಆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅಕ್ಷತೆ ಹಾಕುವ ಬೀಗರು—ವಾಚಕರಲ್ಲಿ ಎಷ್ಟೋ ಜನರ ಮದುವೆ ಹೀಗೆಯೇ ಆಗಿರಬೇಕು.

ಬೈಲಹೊಂಗಲದಲ್ಲಿ ನನ್ನ ಹಳೆಯ ಪರಿಚಯಸ್ಥರೊಬ್ಬರ ಮನೆಯಲ್ಲಿ ಇಳಿದಿದ್ದೆ. ನನ್ನ ಕೈಯಲ್ಲಿದ್ದ ಯಂತ್ರವನ್ನು ಕಂಡು ಅವರು ಒಳಗಿನಿಂದ ಒಂದು ತಗಡಿನ ಟ್ರಂಕು ತಂದು ತೆರೆದರು. ಅದರಲ್ಲಿ ಮೂರು ವಿಡಿಯೋ ಕ್ಯಾಸೆಟ್ಟುಗಳು. ೧೯೯೧ರಲ್ಲಿ ಆದ ಅವರ ತಂಗಿಯ ಮದುವೆಯವು. ಟೇಪಿನ ಅಂಚಿಗೆ ಬೂದಿಯಂತೆ ಬಿಳಿಯ ಬೂಷ್ಟು ಹಿಡಿದಿತ್ತು. ಅದನ್ನು ಓಡಿಸುವ ಯಂತ್ರ ಊರಲ್ಲೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲವಂತೆ. ಸಿಗುವುದಾದರೂ ಹೇಗೆ? ಲೋಕದಲ್ಲಿ ಅಂಥ ಯಂತ್ರವನ್ನು ಕಡೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಕಾರಖಾನೆ ೨೦೧೬ರ ಜುಲೈಯಲ್ಲಿಯೇ ಆ ಕೆಲಸ ನಿಲ್ಲಿಸಿಬಿಟ್ಟಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಹಳೆಯ ಯಂತ್ರವೊಂದನ್ನು ಜೋಪಾನ ಮಾಡಿದ್ದವರೊಬ್ಬರು ಬೂಷ್ಟು ಒರೆಸಿ ಒಂದು ಕ್ಯಾಸೆಟ್ಟನ್ನು ಮಾತ್ರ ಉಳಿಸಿ ಪ್ರತಿ ಮಾಡಿಕೊಟ್ಟಿದ್ದರು.

ಅದನ್ನು ನನಗೆ ತೋರಿಸಿದರು. ಮುಹೂರ್ತವನ್ನು ದಾಟಿಸಿದರು, ಆರತಕ್ಷತೆಯನ್ನು ದಾಟಿಸಿದರು. ಊಟದ ಪಂಕ್ತಿಯ ಹತ್ತಿರ ನಿಲ್ಲಿಸಿದರು. ಹೋಳಿಗೆಯ ಪರಾತ ಹಿಡಿದು ಬಂದ ಒಬ್ಬ ಹೆಂಗಸು ದೀಪದ ಬೆಳಕಿಗೆ ಮುಖ ತಿರುಗಿಸಿ, ಯಾರಿಗೋ “ಯಾರರೆ ಉಣ್ಣೂದು ಬಿಟ್ಟಾರೇನ ನೋಡ್ರಿ” ಎಂದು ಹೇಳಿ ಹೋದಳು. ಅಷ್ಟೆ. “ನಮ್ಮವ್ವ” ಎಂದರು ಅವರು. ಮದುವೆಯಾಗಿ ಮೂರು ವರ್ಷಕ್ಕೆ ತೀರಿಕೊಂಡವರಂತೆ. ಅವರ ನಿಂತ ಫೋಟೋ ಗೋಡೆಯ ಮೇಲಿದೆ. ನಡಿಗೆ, ದನಿ ಇರುವುದು ಆ ಐದಾರು ಸೆಕೆಂಡಿನಲ್ಲಿ ಮಾತ್ರ. ವಿಡಿಯೋದವನು ಅವರನ್ನು ಚಿತ್ರಿಸಲು ಅಲ್ಲಿ ನಿಂತಿರಲಿಲ್ಲ. ದೊಡ್ಡ ಬೀಗರ ಪಂಕ್ತಿಯನ್ನು ತೆಗೆಯುತ್ತಿದ್ದ. ಆಕೆ ಅಡ್ಡ ಬಂದದ್ದರಿಂದ ಉಳಿದಳು.

ಆಮೇಲೆ ಅವರು ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರ ಮೊಮ್ಮಗ ಹುಟ್ಟಿದಂದಿನಿಂದ ಎರಡು ವರ್ಷ ಮಗನ ಮೊಬೈಲಿನಲ್ಲಿ ದಿನಾ ಚಿತ್ರ ತೆಗೆದಿದ್ದರಂತೆ. ಮೊದಲ ಹೆಜ್ಜೆ, ಮೊದಲ ಮಾತು ಎಲ್ಲವೂ ಇದ್ದವು. ಮೊಬೈಲು ಒಂದು ದಿನ ನೀರಿನ ಟಾಕಿಯಲ್ಲಿ ಬಿತ್ತು, ಬೇರೆಡೆ ಪ್ರತಿಯಿರಲಿಲ್ಲ, ಎಲ್ಲವೂ ಹೋದವು. “ಅವ್ವಂದು ಐದು ಸೆಕೆಂಡ ಮೂವತ್ತ ವರ್ಷ ಉಳೀತು. ಹುಡುಗಂದು ಎರಡು ವರ್ಷದ್ದು ಎರಡ ತಾಸಿನ್ಯಾಗ ಹೋತು” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಗುಂಡಿ ಒಂದೇ ಸಾಕು

ಚರಿತ್ರೆಯ ಉಳಿದ ಭಾಗವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ೧೯೯೫ರಲ್ಲಿ ಡಿಜಿಟಲ್ ಟೇಪು ಬಂದು ಕ್ಯಾಮೆರಾಗಳು ನಿಜಕ್ಕೂ ಕಿಸೆಗೆ ಇಳಿದವು. ೨೦೦೬ರಲ್ಲಿ ಅಮೆರಿಕದ ಪ್ಯೂರ್ ಡಿಜಿಟಲ್ ಎಂಬ ಸಂಸ್ಥೆ ಟೇಪನ್ನೂ ತೆಗೆದುಹಾಕಿ, ಮಧ್ಯದಲ್ಲಿ ಒಂದು ಕೆಂಪು ಗುಂಡಿಯಿರುವ ಅಗ್ಗದ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷದಿಂದ ಅದಕ್ಕೆ ‘ಫ್ಲಿಪ್’ ಎಂಬ ಹೆಸರಾಯಿತು. ಬಲ್ಲವರು ಅದನ್ನು ನೋಡಿ ಮೂಗು ಮುರಿದರು: ಒಳ್ಳೆಯ ಮಸೂರವಿಲ್ಲ, ಅಳವಡಿಕೆಗಳಿಲ್ಲ, ಚಿತ್ರ ಸಾಧಾರಣ. ಜನ ಲಕ್ಷಗಟ್ಟಲೆ ಕೊಂಡರು. ಏಕೆಂದರೆ ಕಿಸೆಯಿಂದ ತೆಗೆದು ಒತ್ತಿದರೆ ಅದು ಚಿತ್ರ ಹಿಡಿಯುತ್ತಿತ್ತು. ಪಕ್ಕದ ಕೊಂಡಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ತೋರಿಸುತ್ತಿತ್ತು. ೨೦೦೯ರಲ್ಲಿ ಸಿಸ್ಕೋ ಕಂಪನಿ ಅದನ್ನು ಬಹು ದೊಡ್ಡ ಬೆಲೆಗೆ ಕೊಂಡು ೨೦೧೧ರ ಏಪ್ರಿಲಿನಲ್ಲಿ ಮುಚ್ಚಿಬಿಟ್ಟಿತು. ಮೊಬೈಲು ಫೋನೇ ಆ ಕೆಲಸವನ್ನು ಮಾಡತೊಡಗಿತ್ತಲ್ಲ! ಆದರೂ ಬೇರೆ ಕಿಸೆ ಕ್ಯಾಮೆರಾ ಸಾಯಲಿಲ್ಲ. ೨೦೧೮ರಲ್ಲಿ, ಕೈ ಅಲುಗಿದರೂ ಕಣ್ಣು ಅಲುಗದಂತೆ ಮಸೂರವನ್ನು ಪುಟ್ಟ ಕತ್ತಿನ ಮೇಲೆ ಕೂರಿಸಿದ ಜಾತಿಯೊಂದು ಚೀನದ ಡಿಜೆಐ ಕಂಪನಿಯಿಂದ ಬಂತು.

ಇನ್ನು ಪರೀಕ್ಷೆಗೆ ಬರೋಣ. ಕಿತ್ತೂರಿನಲ್ಲಿ ನಾನು ನೋಡಿದ್ದು ಬೆಳಕನ್ನು. ಇಂಥ ಯಂತ್ರದೊಳಗೆ ಚಿತ್ರವನ್ನು ಹಿಡಿಯುವ ಫಲಕ ಸೇಂಗಾ ಕಾಳಿಗಿಂತ ದೊಡ್ಡದಿರುವುದು ಅಪರೂಪ. ಅದಕ್ಕೆ ಬಿಸಿಲೂ ನೆರಳೂ ಒಟ್ಟಿಗೆ ದಕ್ಕುವುದಿಲ್ಲ. ಅರಮನೆಯ ಒಳಗಿನಿಂದ ಬಾಗಿಲ ಕಡೆಗೆ ಹಿಡಿದರೆ ಗೋಡೆ ಕಂಡಿತು, ಆಕಾಶ ಸುಣ್ಣದಂತೆ ಬಿಳುಪಾಯಿತು. ಆಕಾಶಕ್ಕೆ ಹೊಂದಿಸಿದರೆ ಗೋಡೆ ಇದ್ದಿಲಾಯಿತು. ಬಿಸಿಲನ್ನು ಬೆನ್ನಿಗಿಟ್ಟುಕೊಂಡು ನಿಂತರೆ ಎಲ್ಲ ಸರಿ. ಸಂಜೆಗತ್ತಲಲ್ಲಿ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. ಮನೆಯಲ್ಲಿ ತೆಗೆಯುವವರು ಕಿಟಕಿಯ ಹತ್ತಿರ ಕೂರಿಸಿ ತೆಗೆಯಬೇಕು.

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ನೋಡಿದ್ದು ಕೈಯನ್ನೂ ಕಿವಿಯನ್ನೂ. ಹಗುರವಾದ ಯಂತ್ರ ಕೈಯಲ್ಲಿ ನಡುಗುವುದು ಹೆಚ್ಚು. ಭಾರವಾದದ್ದು ತನ್ನ ತೂಕದಿಂದಲೇ ನಿಲ್ಲುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಅಂಡಿಗೆಗೆ ಒರಗಿ ನಿಂತಾಗ ಚಿತ್ರ ನಿಂತಿತು. ಒಬ್ಬ ರೈತನು ಹತ್ತಿಯ ಎಳೆಯನ್ನು ಬೆರಳಲ್ಲಿ ಜಗ್ಗಿ ಅದರ ಉದ್ದವನ್ನು ತೋರಿಸುತ್ತಿದ್ದ. ಎರಡು ಮೊಳ ದೂರದಿಂದ ಅವನ ಮಾತು ಸ್ಪಷ್ಟವಾಗಿ ಬಂತು. ಹತ್ತು ಮೊಳ ದೂರದಿಂದ ಗಾಳಿಯ ಬುಸುಗುಟ್ಟುವಿಕೆ, ಟ್ರ್ಯಾಕ್ಟರಿನ ಗುಡುಗು ಮಾತ್ರ. ‘ಝೂಮ್’ ಎಂಬುದು ಮುಖವನ್ನು ಹತ್ತಿರ ತಂದೀತು, ದನಿಯನ್ನು ತರಲಾರದು. ಹತ್ತಿರ ಹೋಗಬೇಕು, ಬೇರೆ ಉಪಾಯವಿಲ್ಲ.

ರಾಮದುರ್ಗದಲ್ಲಿ ಒಬ್ಬ ನೇಕಾರರ ಮನೆಗೆ ಹೋಗಿದ್ದೆ. ಮಗ್ಗದ ಮೇಲೆ ಟ್ಯೂಬ್‌ಲೈಟು. ಚಿತ್ರದಲ್ಲಿ ನೋಡಿದರೆ ಹಾಸಿನ ಮೇಲೆ ಕಪ್ಪು ಪಟ್ಟೆಗಳು ಅಲೆಯಂತೆ ಮೇಲಿನಿಂದ ಕೆಳಕ್ಕೆ ಹರಿಯುತ್ತಿವೆ! ಯಂತ್ರ ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತದ್ದು. ಅಂಥ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಯಂತ್ರ ಅಮೆರಿಕದ ಅರುವತ್ತು ಆವರ್ತದ ಲೆಕ್ಕದಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುತ್ತಿತ್ತು. ನೂರನ್ನು ಮೂವತ್ತರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ; ಆ ಶೇಷವೇ ಪಟ್ಟೆಯಾಗಿ ಓಡುತ್ತದೆ. ಅಳವಡಿಕೆಯಲ್ಲಿ ಐವತ್ತನ್ನು ಆರಿಸಿ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಮಾಡಿದೊಡನೆ ಲೆಕ್ಕ ಸರಿಹೋಯಿತು, ಪಟ್ಟೆ ಮಾಯವಾಯಿತು, ಲಾಳಿಯ ಸದ್ದಿನೊಡನೆ ಸೀರೆಯ ಅಂಚು ಕಂಡಿತು. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಾನು ಕಂಡಂತೆ ಯಾರೂ ಕೇಳುವುದಿಲ್ಲ.

ಗುಡ್ಡದ ಮೇಲಿನ ಪ್ರಶ್ನೆ

ಸವದತ್ತಿಯ ಪರೀಕ್ಷೆಯನ್ನು ಕಡೆಗೆ ಇಟ್ಟುಕೊಂಡಿದ್ದೇನೆ. ಅದು ಯಂತ್ರದ್ದಲ್ಲ, ನನ್ನದು. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರಗಳ ಜನಸಾಗರ ಹರಿದುಬರುತ್ತದೆ. “ಉಧೋ ಉಧೋ” ಎಂಬ ಕೂಗು, ಭಂಡಾರದ ಹಳದಿ ಧೂಳು, ಚೌಡಿಕೆಯ ನಾದ. ಚಿತ್ರ ತೆಗೆಯುವವನಿಗೆ ಇದಕ್ಕಿಂತ ಸುಗ್ಗಿ ಬೇಕೇ? ಆದರೆ ಈ ಗುಡ್ಡಕ್ಕೆ ಇನ್ನೊಂದು ಚರಿತ್ರೆಯೂ ಉಂಟು. ಬಡವರ ಹೆಣ್ಣುಮಕ್ಕಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ಅವರ ಬಾಳನ್ನು ಹಾಳುಮಾಡಿದ ಚರಿತ್ರೆ ಅದು. ಮುಂಬಯಿ ಪ್ರಾಂತ ೧೯೩೪ರಲ್ಲಿ, ಕರ್ನಾಟಕ ೧೯೮೨ರಲ್ಲಿ ಅದನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಯಿತು. ಅಂಥ ಹೆಂಗಸರ ಚಿತ್ರಗಳನ್ನು ಕೇಳದೆ ತೆಗೆದುಕೊಂಡು ಹೋದವರು ಬಹಳ. ಕ್ಯಾಮೆರಾ ದೊಡ್ಡದಾಗಿದ್ದಾಗ ದೂರದಿಂದಲೇ ಕಾಣುತ್ತಿತ್ತು. ಮುಖ ತಿರುಗಿಸಲು ಸಮಯವಾದರೂ ಸಿಗುತ್ತಿತ್ತು. ಕಿಸೆಯ ಕ್ಯಾಮೆರಾ ಆ ಸಮಯವನ್ನೂ ಕೊಡುವುದಿಲ್ಲ. ಅದರ ಗುಣವೇ ಅದರ ದೋಷ.

ಚೌಡಿಕೆ ಹಿಡಿದು ಕುಳಿತಿದ್ದ ಒಬ್ಬ ಮುದುಕಿಯ ಕಡೆಗೆ ನಾನು ಅದನ್ನು ತಿರುಗಿಸಿದ್ದೆ. ಆಕೆ ಬಾರಿಸುವುದನ್ನು ನಿಲ್ಲಿಸಿ, “ತಮ್ಮಾ, ಇದನ್ನ ಯಾರಿಗೆ ತೋರಸಾಕ ತಗೀತಿ?” ಎಂದು ಕೇಳಿದಳು. ನಾಲ್ಕು ದಿನ ನಾನು ಎಷ್ಟೋ ಪರೀಕ್ಷೆ ಮಾಡಿದ್ದೆ. ಈ ಪ್ರಶ್ನೆಯನ್ನು ಮಾತ್ರ ನನಗೆ ನಾನೇ ಕೇಳಿಕೊಂಡಿರಲಿಲ್ಲ. ಕೈ ಕೆಳಗಿಳಿಸಿದೆ. “ತೋರಸೋದಾದ್ರ ಮೊದಲ ನನಗ ತೋರಸು” ಎಂದಳು. ತೆಗೆದದ್ದನ್ನು ಅಲ್ಲಿಯೇ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು; ಸೆರಗು ಸರಿಮಾಡಿಕೊಂಡಳು; ಹಣೆಯ ಭಂಡಾರವನ್ನು ತಿದ್ದಿಕೊಂಡಳು. “ಈಗ ತಗಿ” ಎಂದು ಚೌಡಿಕೆ ಮೀಟಿದಳು. ನಾನು ತಂದ ಚಿತ್ರಗಳಲ್ಲಿ ಉತ್ತಮವಾದದ್ದು ಅದೇ.

೧೯೨೩ರ ಯಂತ್ರ ತೆಗೆದದ್ದನ್ನು ನೋಡಲು ವಾರಗಟ್ಟಲೆ ಕಾಯಬೇಕಿತ್ತು. ೧೯೮೩ರ ಯಂತ್ರಕ್ಕೆ ತೋರಿಸುವುದೇ ಗೊತ್ತಿರಲಿಲ್ಲ. ತೆಗೆಸಿಕೊಂಡವರಿಗೆ ತಮ್ಮ ಚಿತ್ರವನ್ನು ಅಲ್ಲಿಯೇ ನೋಡಿ ‘ಬೇಡ’ ಎನ್ನುವ, ‘ಹೀಗೆ ತಗಿ’ ಎನ್ನುವ ಅವಕಾಶ ದೊರೆತದ್ದು ಈ ಚಿಕ್ಕ ಯಂತ್ರದಿಂದ. ನೂರು ವರ್ಷದ ಸುಧಾರಣೆಗಳಲ್ಲಿ ನನಗೆ ಇದು ಎಲ್ಲಕ್ಕಿಂತ ಹಿರಿದೆಂದು ತೋರುತ್ತದೆ. ಬಳಸಿಕೊಳ್ಳುವುದು ಬಿಡುವುದು ಹಿಡಿದವನ ಸ್ವಭಾವಕ್ಕೆ ಬಿಟ್ಟದ್ದು.

ಹತ್ತು ವರ್ಷದ ಪರೀಕ್ಷೆ

ಇನ್ನು ಒಂದೇ ಪರೀಕ್ಷೆ ಉಳಿಯಿತು: ಹತ್ತು ವರ್ಷದ ಮೇಲೆ 이 ಚಿತ್ರ ಇರುತ್ತದೆಯೇ? ಇದನ್ನು ಯಾವ ಅಂಗಡಿಯಲ್ಲಿಯೂ ಮಾಡಿ ನೋಡಲಾಗದು, ಚರಿತ್ರೆಯನ್ನೇ ಕೇಳಬೇಕು. ಚರಿತ್ರೆಯ ಉತ್ತರ ಉತ್ಸಾಹಕರವಾಗಿಲ್ಲ. ೧೯೩೪ರ ಮಾರ್ಚಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ೨೦೦೩ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಯಲ್ಲಿ ಹಳೆಯ ನೈಟ್ರೇಟು ಸುರುಳಿಗಳು ಬೂದಿಯಾದವು. ‘ಸುರಕ್ಷಿತ’ ಫಿಲ್ಮು ಉರಿಯದಿದ್ದರೂ ಸೆಕೆಗೆ ಹುಳಿಯೊಡೆದು ವಿನಿಗರ್ ವಾಸನೆ ಬಿಡುತ್ತ ಸುರುಟಿಕೊಳ್ಳುತ್ತದೆ. ಟೇಪಿಗೆ ಬೂಷ್ಟು. ಮೊಬೈಲಿಗೆ ನೀರು. ಪ್ರತಿಯೊಂದು ಸುಧಾರಣೆಯೂ ತೆಗೆಯುವುದನ್ನು ಸುಲಭ ಮಾಡಿತು. ಉಳಿಸುವುದನ್ನು ನಮ್ಮ ಮೇಲೆಯೇ ಬಿಟ್ಟಿತು. ನಾಲ್ಕು ನಿಮಿಷಕ್ಕೆ ದುಡ್ಡು ತೆತ್ತವನು ಆ ಸುರುಳಿಯನ್ನು ಬಂಗಾರದಂತೆ ಇಟ್ಟುಕೊಂಡ. ನಾನೂರು ತಾಸು ಪುಕ್ಕಟೆ ಸಿಕ್ಕವನು ಯಾವುದನ್ನೂ ಇಟ್ಟುಕೊಳ್ಳಲಿಲ್ಲ.

ಆದಕಾರಣ ಮಿತ್ರರಿಗೆ ನಾನು ಹೀಗೆ ಬರೆದೆ: ಯಂತ್ರ ಆಗಬಹುದು. ಒಳ್ಳೆಯ ಮೊಬೈಲು ಇದ್ದವರಿಗೆ ಬೇರೆ ಯಂತ್ರ ಬೇಕೇ ಬೇಕೆಂದಿಲ್ಲ. ಆದರೆ ಇದಕ್ಕೆ ಕರೆ ಬರುವುದಿಲ್ಲ, ಬೇರೆ ಕೆಲಸವಿಲ್ಲ. ಮಕ್ಕಳ ಕೈಗೂ ಮುದುಕರ ಕೈಗೂ ಕೊಡಬಹುದು ಎಂಬುದೊಂದು ಗುಣ. ಕೊಳ್ಳುವಾಗ ಐವತ್ತು ಆವರ್ತದ ಅಳವಡಿಕೆ ಉಂಟೇ, ಸಂಗ್ರಹದ ಕಾರ್ಡನ್ನು ಹೊರತೆಗೆಯಬಹುದೇ, ಬ್ಯಾಟರಿ ಬದಲಿಸಬಹುದೇ ಎಂದು ಕೇಳಿರಿ. ತೆಗೆಯುವಾಗ ಸೂಪರ್ ೮ರವನಂತೆ ಮೂರು ನಿಮಿಷವೇ ಇದೆಯೆಂದು ತಿಳಿದು ತೆಗೆಯಿರಿ. ಹಬ್ಬದ ದಿನ ಎಲ್ಲರೂ ತೆಗೆಯುತ್ತಾರೆ. ನೀವು ಬರಿಯ ಮಂಗಳವಾರದಂದು ತೆಗೆಯಿರಿ. ರೊಟ್ಟಿ ಬಡಿಯುವ ಸದ್ದು, ಅಜ್ಜ ಚಪ್ಪಲಿ ಹುಡುಕುವ ರೀತಿ, ಯಾರನ್ನೋ ಬಾಗಿಲಿಗೆ ಬಂದು ಕರೆಯುವ ದನಿ—ಇವನ್ನು. ತಿಂಗಳಿಗೊಮ್ಮೆ ಕೂತು ಹತ್ತರಲ್ಲಿ ಒಂದನ್ನು ಆರಿಸಿ, ಯಾರು, ಎಲ್ಲಿ, ಯಾವಾಗ ಎಂದು ಹೆಸರು ಬರೆದು, ಎರಡು ಕಡೆ ಪ್ರತಿ ಮಾಡಿಡಿರಿ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಐದು ವರ್ಷಕ್ಕೊಮ್ಮೆ ಹೊಸ ಪೆಟ್ಟಿಗೆಗೆ ವರ್ಗಾಯಿಸಿರಿ. ಮತ್ತು ತೆಗೆಯುವ ಮೊದಲು, ಯಾರಿಗೆ ತೋರಿಸಲು ತೆಗೆಯುತ್ತೀರೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.

ಕಿತ್ತೂರಿನ ಆ ಕಿಂಡಿಯನ್ನು ಇಟ್ಟವರು ಆಕಾಶವನ್ನೆಲ್ಲ ಅದರಲ್ಲಿ ತುಂಬಲು ಹೋಗಲಿಲ್ಲ. ಅಲುಗದೆ ನಿಲ್ಲುವ ಚಿಕ್ಕೆಯೊಂದನ್ನು ಆರಿಸಿಕೊಂಡರು. ಅರಮನೆ ಬಿದ್ದಿತು, ಆಳಿದವರು ಹೋದರು. ಕಿಂಡಿ ಇದೆ, ಚಿಕ್ಕೆಯೂ ಇದೆ. ಬೈಲಹೊಂಗಲದ ಮನೆಯಲ್ಲಿ ಒಬ್ಬ ತಾಯಿ ಇನ್ನೂ ಹೋಳಿಗೆಯ ಪರಾತ ಹಿಡಿದು, ಯಾರಾದರೂ ಉಣ್ಣದೆ ಉಳಿದಿದ್ದಾರೆಯೇ ಎಂದು ಕೇಳುತ್ತಿದ್ದಾಳೆ. ಆ ಕ್ಯಾಸೆಟ್ಟಿನ ಎರಡನೆಯ ಪ್ರತಿಯನ್ನು ಮಾಡಿಸಿ ಅವರ ತಂಗಿಯ ಮನೆಗೆ ಕಳಿಸಿದ ಮೇಲೆಯೇ ನಾನು ಊರು ಬಿಟ್ಟೆ.